ನಿಮ್ಮ ಹಳೇ ಹೋಂಪೇಜ್ ಇನ್ನೂ ಸಿಗಬಹುದು, ಹುಡುಕಿ ಉಳಿಸಿಕೊಳ್ಳಿ

ಒಂದು ಕಾಲದಲ್ಲಿ ನೀವೇ ಕೂತು ಮಾಡಿದ ಹೋಂಪೇಜ್ ಇತ್ತಾ? ಹೋಯ್ತು ಅಂತ ಸುಮ್ನೆ ಕೈಬಿಡಬೇಡಿ. 2009ರ ಅಕ್ಟೋಬರ್‌ನಲ್ಲಿ ಯಾಹೂ ಕಂಪನಿಯು ಜಿಯೋಸಿಟೀಸ್ ಎಂಬ, ಯಾರು ಬೇಕಾದರೂ ಉಚಿತವಾಗಿ ಹೋಂಪೇಜ್ ಮಾಡಿಕೊಳ್ಳಬಹುದಾಗಿದ್ದ ತಾಣವನ್ನು ಮುಚ್ಚಿದಾಗ ಆರ್ಕೈವ್ ಟೀಮ್ ಎಂಬ ಸ್ವಯಂಸೇವಕರ ಗುಂಪು ಕೈಗೆ ಸಿಕ್ಕಷ್ಟು ಪೇಜುಗಳನ್ನು ಇಳಿಸಿಕೊಂಡಿತು, ಮುಂದಿನ ವರ್ಷ ಅದನ್ನು ಟೊರೆಂಟ್ ಮಾಡಿ ಎಲ್ಲರಿಗೂ ಸಿಗುವಂತೆ ಬಿಟ್ಟಿತು. ಇಂಟರ್ನೆಟ್ ಆರ್ಕೈವ್ ಅಂತೂ 1996ರಿಂದಲೇ ವೆಬ್ ಪುಟಗಳನ್ನು ಕೂಡಿಡುತ್ತಾ ಬಂದಿದೆ.

ಮೊದಲು ಬೇಕಾದ್ದು ಹಳೇ ವಿಳಾಸ. ಕಷ್ಟ ಇರುವುದೂ ಇಲ್ಲೇ. ಜಿಯೋಸಿಟೀಸ್ ವಿಳಾಸದಲ್ಲಿ ಹಾಲಿವುಡ್, ಏರಿಯಾ51 ಅಂತ ಬಡಾವಣೆ ಹೆಸರು, ಅದರ ಮುಂದೆ ಮನೆ ನಂಬರ್ ಇರುತ್ತಿತ್ತು. ಆ ನಂಬರ್ ಯಾರಿಗೆ ನೆನಪಿರುತ್ತದೆ ಹೇಳಿ? ಹಳೇ ಇಮೇಲ್‌ಗಳ ಕೊನೆಯ ಸಹಿ, ಬುಕ್‌ಮಾರ್ಕ್, ಸ್ನೇಹಿತರ ಪೇಜಿನ ಲಿಂಕ್ಸ್ ಪಟ್ಟಿ, ಇಷ್ಟನ್ನೂ ತಡಕಿ ನೋಡಿ.

ವಿಳಾಸ ಸಿಕ್ಕಿದರೆ ಅದರ ಕೊನೆಗೆ ಒಂದು ನಕ್ಷತ್ರ ಚಿಹ್ನೆ ಸೇರಿಸಿ, ಇಂಟರ್ನೆಟ್ ಆರ್ಕೈವ್ ಕೂಡಿಟ್ಟ ಹಳೇ ಪುಟಗಳನ್ನು ತೋರಿಸುವ ವೇಬ್ಯಾಕ್ ಮಷೀನ್‌ನಲ್ಲಿ ಹಾಕಿ. ಆ ವಿಳಾಸದ ಕೆಳಗೆ ಉಳಿದಿರುವ ಫೈಲುಗಳೆಲ್ಲ ಪಟ್ಟಿಯಾಗಿ ಬರುತ್ತವೆ, ನೀವು ಮರೆತೇಬಿಟ್ಟಿದ್ದ ಪುಟವೂ ಅದರಲ್ಲಿರಬಹುದು. ಒಂದು ತಾರೀಖಿನಲ್ಲಿ ಚಿತ್ರ ಕಾಣದಿದ್ದರೆ ಬೇರೆ ತಾರೀಖು ತೆರೆದು ನೋಡಿ. ಇಳಿಸುವಾಗ ವೇಬ್ಯಾಕ್ ಪುಟದ ವಿಳಾಸದ ನಡುವೆ ಇರುವ 14 ಅಂಕಿಯ ತಾರೀಖು ಮುಗಿದ ಕೂಡಲೇ ಇಂಗ್ಲಿಷಿನ ಸಣ್ಣಕ್ಷರದಲ್ಲಿ ಐ, ಡಿ, ಆಮೇಲೆ ಒಂದು ಅಂಡರ್‌ಸ್ಕೋರ್ ಸೇರಿಸಿ. ಆಗ ವೇಬ್ಯಾಕ್ ತನ್ನ ಕಡೆಯಿಂದ ಸೇರಿಸಿದ್ದೇನೂ ಇಲ್ಲದೆ ಮೂಲ ಫೈಲೇ ಸಿಗುತ್ತದೆ. ಇದು ತುಂಬಾ ಜನಕ್ಕೆ ಗೊತ್ತಿಲ್ಲ, ಆದರೆ ಇಡೀ ಕೆಲಸದಲ್ಲಿ ಜಾಸ್ತಿ ಉಪಯೋಗಕ್ಕೆ ಬರುವುದು ಇದೇ.

ಪೇಜ್ ಇನ್ನೂ ಜೀವಂತ ಇದೆಯಾ? ಹಾಗಾದರೆ ಇವತ್ತೇ ವೆಬ್ ಪುಟ ಇಳಿಸುವ ಡಬ್ಲ್ಯುಗೆಟ್ (wget) ಎಂಬ ತಂತ್ರಾಂಶದಲ್ಲಿ ಮಿರರ್ ಆಯ್ಕೆ ಕೊಟ್ಟು ಪೂರ್ತಿ ಇಳಿಸಿಕೊಳ್ಳಿ, ವೇಬ್ಯಾಕ್‌ನ ಸೇವ್ ಪೇಜ್ ನೌನಲ್ಲೂ ವಿಳಾಸ ಹಾಕಿ. ಸ್ಕ್ರೀನ್‌ಶಾಟ್ ಮಾತ್ರ ತೆಗೆದಿಟ್ಟರೆ ಸಾಲದು, ಅದರಲ್ಲಿ ಲಿಂಕ್ ಒತ್ತಲಾಗುವುದಿಲ್ಲ, ಕುಣಿಯುವ ಜಿಫ್ ಕುಣಿಯುವುದಿಲ್ಲ. ಫ್ಲ್ಯಾಶ್ ಫೈಲುಗಳಿದ್ದರೆ, ಅಂದರೆ ಆಗಿನ ಅನಿಮೇಷನ್, ಆಟಗಳಂಥವು, ಅಳಿಸಬೇಡಿ. ಅಡೋಬಿ 2020ರ ಕೊನೆಗೆ ಫ್ಲ್ಯಾಶ್ ಪ್ಲೇಯರನ್ನು ನಿಲ್ಲಿಸಿತು ನಿಜ, ಆದರೆ ರಫಲ್ ಎಂಬ ಉಚಿತ ತಂತ್ರಾಂಶ ಅವುಗಳಲ್ಲಿ ಎಷ್ಟೋ ಫೈಲುಗಳನ್ನು ಇವತ್ತಿಗೂ ಓಡಿಸುತ್ತದೆ.

ಗೆಸ್ಟ್‌ಬುಕ್ಕನ್ನೂ ಬಿಡಬೇಡಿ. ನನಗೆ ಅದೇ ಎಲ್ಲಕ್ಕಿಂತ ಮುಖ್ಯ, ಯಾಕಂದ್ರೆ ಯಾರು ಬಂದು ಹೋದರು, ಏನು ಹೇಳಿದರು ಅನ್ನುವುದು ಇನ್ನೆಲ್ಲೂ ಇರುವುದಿಲ್ಲ. ಅದರಲ್ಲಿ ಬೇರೆಯವರ ಇಮೇಲ್ ವಿಳಾಸ ಇರುತ್ತದೆ ಅಲ್ವಾ, ಮತ್ತೆ ಆನ್‌ಲೈನ್‌ಗೆ ಹಾಕುವುದಾದರೆ ಅವನ್ನು ತೆಗೆದು ಹಾಕಿ.

ಕೊನೆಗೆ ಒಂದು ಸಾದಾ ಟೆಕ್ಸ್ಟ್ ಫೈಲಿನಲ್ಲಿ ಪೇಜ್ ಯಾವಾಗ, ಯಾಕೆ ಮಾಡಿದಿರಿ, ಬ್ಯಾನರ್ ಯಾರು ಬರೆದರು, ಎಚ್‌ಟಿಎಂಎಲ್ ಯಾರು ಹೇಳಿಕೊಟ್ಟರು, ನೆನಪಿದ್ದಷ್ಟು ಬರೆದು ಅದೇ ಫೋಲ್ಡರ್‌ನಲ್ಲಿಡಿ. ಫೋಲ್ಡರನ್ನು ಎರಡು ಕಡೆ ಕಾಪಿ ಮಾಡಿ.