ದಮ್ಮು ಹತ್ತುವ ಮೊದಲೇ ನಿಲ್ಲಬೇಕು

28 ವರ್ಷ ಕಟ್ಟಿಗೆ ಒಲೆಯ ಮುಂದೆ ಕೂತು ಜೋಳದ ರೊಟ್ಟಿ ಬಡಿದವಳು ನಾನು. ಬೀಡಿ, ಸಿಗರೇಟು ಮುಟ್ಟಿಲ್ಲ. ಆದರೂ ಸಿಒಪಿಡಿ ಬಂತು, ಅಂದರೆ ಶ್ವಾಸನಾಳ ಕಿರಿದಾಗಿ ಉಸಿರಾಟ ಕಷ್ಟವಾಗುವ ದೀರ್ಘಕಾಲದ ಕಾಯಿಲೆ. ಒಲೆಯ ಹೊಗೆಯಿಂದಲೂ ಅದು ಬರುತ್ತದೆ ಎಂದು ಗೊತ್ತಾದದ್ದು ಆಮೇಲೆ. ಜೊತೆಗೆ ಸ್ಲೀಪ್ ಅಪ್ನಿಯಾ. ನಿದ್ದೆಯಲ್ಲಿ ಗಂಟಲು ಮುಚ್ಚಿಕೊಂಡು ಉಸಿರು ಆಗಾಗ ನಿಲ್ಲುತ್ತಿತ್ತು.

"ವಾಕಿಂಗ್ ಮಾಡಿ" ಎಂದರು ಎಲ್ಲರೂ. ಗೋಳಗುಮ್ಮಟದ ಕಡೆಗೆ ಓಣಿಯ ಹೆಂಗಸರ ಜೊತೆ ಹೊರಟೆ. ಅವರ ಸಮಕ್ಕೆ ಹೆಜ್ಜೆ ಹಾಕಲು ಹೋಗಿ, ಹತ್ತೇ ನಿಮಿಷಕ್ಕೆ ಕಟ್ಟೆ ಹಿಡಿದು ಕೂತೆ. ಮಾತೇ ಹೊರಡಲಿಲ್ಲ. ಹೆದರಿ ಒಂದು ತಿಂಗಳು ಮನೆ ಬಿಟ್ಟು ಕದಲಲಿಲ್ಲ. ಇದ್ದ ಕಾಲಿನ ಶಕ್ತಿಯೂ ಹೋಯಿತು.

ದಾರಿ ತೋರಿಸಿದ್ದು ಒಬ್ಬ ಫಿಸಿಯೋಥೆರಪಿಸ್ಟ್. ಬೆರಳಿಗೆ ರಕ್ತದ ಆಕ್ಸಿಜನ್ ತೋರಿಸುವ ಆಕ್ಸಿಮೀಟರ್ ಹಾಕಿ 6 ನಿಮಿಷ ನಡೆಸಿ ನೋಡಿದರು. ಆಮೇಲೆ ಒಂದು ನಿಮಿಷ ಬಿರುಸು, ಒಂದು ನಿಮಿಷ ನಿಧಾನ, ಹೀಗೆ ನಡೆಯಲು ಹೇಳಿದರು. ದಮ್ಮು ಹತ್ತಿದ ಮೇಲೆ ಅಲ್ಲ, ಹತ್ತುವ ಮೊದಲೇ ನಿಧಾನ ಮಾಡಬೇಕು.

ನಮ್ಮಂಥವರಿಗೆ ಗಾಳಿ ಒಳಗೆ ಎಳೆಯುವುದಕ್ಕಿಂತ ಹೊರಗೆ ಬಿಡುವುದೇ ಕಷ್ಟ. ಬೇಗ ಬೇಗ ಉಸಿರಾಡಿದರೆ ಹಳೆ ಗಾಳಿ ಖಾಲಿಯಾಗುವ ಮೊದಲೇ ಹೊಸದು ನುಗ್ಗುತ್ತದೆ. ಎದೆ ಉಬ್ಬಿಕೊಂಡು ಬಿಗಿಯುತ್ತದೆ. ನಿಧಾನದ ಆ ಒಂದು ನಿಮಿಷದಲ್ಲಿ ಒಳಗೆ ಸಿಕ್ಕಿಕೊಂಡ ಗಾಳಿ ಹೊರಬೀಳುತ್ತದೆ. ಕಾಲಿಗೆ ಕೆಲಸವೂ ಆಯಿತು, ಎದೆಗೆ ಬಿಡುವೂ ಸಿಕ್ಕಿತು ಅಲ್ವಾ? ಆ ಹೊತ್ತಿನಲ್ಲಿ ತುಟಿ ಸಣ್ಣ ಮಾಡಿ ಊದುತ್ತೇನೆ. ಒಲೆ ಊದಿದಂತೆ ಜೋರಾಗಿ ಅಲ್ಲ, ಬಿಸಿ ಚಹಾ ಆರಿಸುವಂತೆ.

ಒಂದು ಬಿರುಸು, ಒಂದು ನಿಧಾನ ಸೇರಿದರೆ ಒಂದು ಸುತ್ತು. ಶುರುವಿನಲ್ಲಿ 5 ಸುತ್ತು, ಅಷ್ಟೇ. ಬಿರುಸು ಅಂದರೆ 10ಕ್ಕೆ 4-5ರಷ್ಟು ತೇಕು, ಒಂದು ಸಣ್ಣ ಮಾತು ಆಡಲು ಬರುವಷ್ಟು. ಹೊರಡುವ ಕಾಲು ಗಂಟೆ ಮೊದಲು ಇನ್‌ಹೇಲರ್. ಆಕ್ಸಿಜನ್ ಶೇ. 88ಕ್ಕೆ ಇಳಿದರೆ ನಿಲ್ಲಿಸಲು ನನಗೆ ಹೇಳಿದ್ದಾರೆ. ನಿಮ್ಮ ಅಂಕಿಯನ್ನು ನಿಮ್ಮ ಡಾಕ್ಟರರ ಹತ್ತಿರವೇ ಕೇಳಿ. ಎದೆನೋವು, ತಲೆಸುತ್ತು ಬಂದರಂತೂ ಮುಂದುವರಿಸಲೇಬೇಡಿ. ವಿಜಯಪುರದ ಬೇಸಿಗೆಯಲ್ಲಿ ಹೊರಗೆ ಹೋಗುವುದಿಲ್ಲ. ಪಡಸಾಲೆಯ ಒಂದೇ ಮೆಟ್ಟಿಲು ಹತ್ತಿ ಇಳಿಯುತ್ತೇನೆ, 30 ಸೆಕೆಂಡು ಕೆಲಸ, 30 ಸೆಕೆಂಡು ಬಿಡುವು.

ನಿದ್ದೆಯಲ್ಲಿ ಗಂಟಲು ಮುಚ್ಚದಂತೆ ಗಾಳಿ ಒತ್ತಿ ಕೊಡುವ ಸಿಪ್ಯಾಪ್ ಯಂತ್ರದ ಮಾಸ್ಕ್ ರಾತ್ರಿ ಹಾಕದಿದ್ದರೆ ಬೆಳಿಗ್ಗೆ ತಲೆ ಭಾರ, ಕಾಲು ಏಳುವುದಿಲ್ಲ. ಅಂಥ ದಿನ ಬಿರುಸು ಬಿಟ್ಟು ಸುಮ್ನೆ ನಿಧಾನಕ್ಕೆ ನಡೆಯುತ್ತೇನೆ. ವ್ಯಾಯಾಮ ಮಾಡುತ್ತೇನಲ್ಲ ಎಂದು ಮಾಸ್ಕ್ ಬಿಡುವ ಹಾಗಿಲ್ಲ.

ಮೂರು ತಿಂಗಳಿಗೆ 15 ಸುತ್ತು ಆಯಿತು. ಓಣಿಯ ಹೆಂಗಸರ ಜೊತೆ ಮತ್ತೆ ಹೋಗುತ್ತಿದ್ದೇನೆ. ಅವರು ಮುಂದೆ ಹೋಗುತ್ತಾರೆ, ನಾನು ನಿಧಾನ ಮಾಡಿ, ಊದಿ, ಮತ್ತೆ ಬಿರುಸಾಗುತ್ತೇನೆ. ವಾಪಸ್ ಬರುವಾಗ ಮಾತಾಡಿಕೊಂಡೇ ಬರುತ್ತೇವೆ.