ಹುಷಾರಿಲ್ಲ ಎಂದು ಹೇಳಿಸುವುದೇ ದೊಡ್ಡ ಕೆಲಸ: ತಂಡದ ಫಿಸಿಯೋ ಆಗಿ ನನ್ನ ಅನುಭವ

ನಾನು ತಂಡದ ಫಿಸಿಯೋ. ಉಳುಕು, ಸ್ನಾಯು ಸೆಳೆತ, ಟೇಪಿಂಗ್ ಅಷ್ಟೇ ನನ್ನ ಕೆಲಸ ಎಂದುಕೊಂಡವರೇ ಜಾಸ್ತಿ. ಆದರೆ ಸುತ್ತಮುತ್ತ ಸೋಂಕು ಹಬ್ಬಲು ಶುರುವಾದರೆ ಎಲ್ಲರೂ ನನ್ನ ಮುಖವನ್ನೇ ನೋಡುತ್ತಾರೆ.

ಕೋವಿಡ್ ಕಾಲದಲ್ಲಿ ದೊಡ್ಡ ಲೀಗ್‌ಗಳು ಬಯೋ ಬಬಲ್, ಅಂದರೆ ಆಟಗಾರರು ಹೊರಗಿನವರ ಸಂಪರ್ಕವಿಲ್ಲದೆ ಇರುವ ವ್ಯವಸ್ಥೆ, ಕಟ್ಟಿಕೊಂಡವು. 2020ರಲ್ಲಿ ಅಮೆರಿಕದ ಬಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎ ಒರ್ಲಾಂಡೊ ಹತ್ತಿರದ ಡಿಸ್ನಿ ವರ್ಲ್ಡ್ ಆವರಣದಲ್ಲಿ ಆಟಗಾರರನ್ನು ಇರಿಸಿ ಸೀಸನ್ ಮುಗಿಸಿತು. ಹಾಗಂತ ಬಬಲ್ ಎಲ್ಲ ಕಡೆ ಗಟ್ಟಿಯಾಗಿ ನಿಲ್ಲಲಿಲ್ಲ. 2021ರ ಮೇನಲ್ಲಿ ಐಪಿಎಲ್ ತಂಡಗಳೊಳಗೇ ಸೋಂಕು ಕಾಣಿಸಿಕೊಂಡು ಟೂರ್ನಿ ಅರ್ಧಕ್ಕೆ ನಿಂತಿತು. ನಮ್ಮಂಥ ಸಣ್ಣ ತಂಡಕ್ಕೆ ಇದೆಲ್ಲ ಆಗುವ ಮಾತಲ್ಲ. ನಮ್ಮ ಹುಡುಗರು ಮನೆಯಿಂದ ಬರುತ್ತಾರೆ, ಆಡಿ ಮನೆಗೆ ಹೋಗುತ್ತಾರೆ. ಹಾಗಾಗಿ ನನಗಿರುವ ದಾರಿ ಒಂದೇ: ಹುಷಾರಿಲ್ಲದವನು ತಾನಾಗಿಯೇ ಹೇಳಬೇಕು.

ಕಷ್ಟ ಇರುವುದು ಅಲ್ಲೇ. ಸೆಲೆಕ್ಷನ್ ಹತ್ತಿರ ಬಂದರೆ ಯಾರಿಗೂ ಜ್ವರವೇ ಬರುವುದಿಲ್ಲ! ಪ್ಯಾರಸಿಟಮಾಲ್ ನುಂಗಿ ಬಂದವನ ಹಣೆಗೆ ಥರ್ಮಾಮೀಟರ್ ಗನ್ ಹಿಡಿದರೆ ಏನು ಗೊತ್ತಾಗುತ್ತದೆ? ಅದಕ್ಕೇ ಸೀಸನ್‌ಗೆ ಮೊದಲೇ ಕೋಚ್ ಜೊತೆ ಕೂತು ಒಂದು ಒಪ್ಪಂದ ಮಾಡಿಕೊಂಡೆ. ಕಾಯಿಲೆ ಹೇಳಿಕೊಂಡು ಹೊರಗುಳಿದವನ ಜಾಗ ಆ ಕಾರಣಕ್ಕೆ ಹೋಗಬಾರದು. ಇದನ್ನು ನಾನು ಹೇಳಿದರೆ ಯಾರೂ ನಂಬುತ್ತಿರಲಿಲ್ಲ. ಕೋಚ್ ಎಲ್ಲರೆದುರು ಹೇಳಿದರು. ಆಮೇಲೆ ಕ್ಯಾಪ್ಟನ್ನೇ ಗಂಟಲು ನೋವೆಂದು ಮ್ಯಾಚ್ ಬಿಟ್ಟು, ಮುಂದಿನ ಮ್ಯಾಚ್‌ಗೆ ಕ್ಯಾಪ್ಟನ್ ಆಗಿಯೇ ವಾಪಸ್ ಬಂದ ಮೇಲೆ ಹುಡುಗರಿಗೆ ಧೈರ್ಯ ಬಂತು.

ಮನೆಯಿಂದ ಹೊರಡುವ ಮುಂಚೆಯೇ ನನಗೆ ಮೆಸೇಜ್ ಬರಬೇಕು. ಜ್ವರ, ಕೆಮ್ಮು, ವಾಂತಿ, ಭೇದಿ, ಮೈಮೇಲೆ ಗುಳ್ಳೆ ಇದೆಯಾ, ಮನೆಯಲ್ಲಿ ಯಾರಾದರೂ ಹುಷಾರಿಲ್ಲದೆ ಮಲಗಿದ್ದಾರಾ ಎಂದಷ್ಟೇ ಕೇಳುತ್ತೇನೆ. ಮೈದಾನಕ್ಕೆ ಬಂದ ಮೇಲೆ ಹೇಳಿದರೆ ತಡವಾಯಿತು. ಅಷ್ಟರಲ್ಲಿ ಅವನು ತಂಡದ ಬಸ್ಸಿನಲ್ಲಿ ಎಲ್ಲರ ಜೊತೆ ಕೂತಾಗಿರುತ್ತದೆ. ಉತ್ತರ ನನಗೆ ಮಾತ್ರ, ತಂಡದ ಗ್ರೂಪ್‌ನಲ್ಲಿ ಅಲ್ಲ. ಗ್ರೂಪ್‌ನಲ್ಲಿ ಯಾರೂ ನಿಜ ಬರೆಯುವುದಿಲ್ಲ ಬಿಡಿ.

ಬಸ್ ಎಂದ ಮೇಲೆ ನೆನಪಾಯಿತು. ಬಯಲಿನಲ್ಲಿ ಓಡಾಡುವಾಗ ನನಗೆ ಅಷ್ಟು ಚಿಂತೆಯಿಲ್ಲ, ಗಾಳಿ ಇರುತ್ತದೆ. ಕಿಟಕಿ ಮುಚ್ಚಿದ ಬಸ್, ಬೆವರಿದವರೆಲ್ಲ ಒಟ್ಟಿಗೆ ನುಗ್ಗುವ ಡ್ರೆಸ್ಸಿಂಗ್ ರೂಮ್, ಎದುರುಬದುರು ಕೂತು ಹರಟುವ ಊಟದ ಟೇಬಲ್, ಇವೇ ಅಪಾಯ. ಟೀಮ್ ಮೀಟಿಂಗನ್ನು ಹೊರಗಡೆ ಮಾಡಿದೆವು. ಡ್ರೆಸ್ಸಿಂಗ್ ರೂಮಿಗೆ ನಾಲ್ಕೈದು ಜನರಂತೆ ಬಿಟ್ಟೆವು. ಬಸ್ಸಿನಲ್ಲಿ ಕಿಟಕಿ ತೆರೆದು ಮಾಸ್ಕ್ ಹಾಕಿಸಿದೆವು. ನೀರಿನ ಬಾಟಲ್ ಮೇಲೆ ಹೆಸರು ಬರೆದು ಟೇಪ್ ಅಂಟಿಸಿದ್ದಕ್ಕೆ ಮೊದಮೊದಲು ನಕ್ಕರು, ಆಮೇಲೆ ಅಭ್ಯಾಸವಾಯಿತು. ಚೆಂಡಿಗೆ ಎಂಜಲು ಹಚ್ಚುವುದನ್ನು ಐಸಿಸಿ 2020ರಲ್ಲಿ ನಿಷೇಧಿಸಿದ್ದು ನೆನಪಿದೆಯಲ್ವಾ? ಹಳೇ ಚಾಳಿ ಬಿಡಿಸಬಹುದು ಎಂದು ಅದನ್ನೇ ತೋರಿಸುತ್ತಿದ್ದೆ.

ಇನ್ನೊಂದು ವಿಷಯ. ಎಲ್ಲ ಸೋಂಕಿಗೂ ಸ್ಯಾನಿಟೈಸರ್ ಸಾಕು ಎಂದು ತುಂಬಾ ಜನ ನಂಬಿದ್ದಾರೆ. ವಾಂತಿ-ಭೇದಿ ತರುವ ನೊರೊವೈರಸ್ ಅದಕ್ಕೆ ಸರಿಯಾಗಿ ಬಗ್ಗುವುದಿಲ್ಲ. ಸೋಪು, ನೀರು ಹಾಕಿ ಉಜ್ಜಿಯೇ ಕೈ ತೊಳೆಯಬೇಕು. ಟಾಯ್ಲೆಟ್, ನಲ್ಲಿ, ಬಾಗಿಲ ಹಿಡಿಗೆ ಬ್ಲೀಚ್ ಬೇಕು. ವಾಂತಿ-ಭೇದಿ ನಿಂತ ಮೇಲೂ 48 ಗಂಟೆ ಅವನನ್ನು ದೂರ ಇಡುತ್ತೇನೆ. ಈ 48 ಗಂಟೆಗೇ ಜಗಳ ಜಾಸ್ತಿ. ಆಗ ಬೋಟ್ಸ್‌ವಾನಾದ ಓಟಗಾರ ಐಸಾಕ್ ಮಕ್ವಾಲಾ ಕಥೆ ಹೇಳುತ್ತೇನೆ. 2017ರ ಲಂಡನ್ ವಿಶ್ವ ಅಥ್ಲೆಟಿಕ್ಸ್‌ನಲ್ಲಿ ತನಗೇನೂ ಆಗಿಲ್ಲ ಎಂದರೂ ಕೂಟದ ವೈದ್ಯರು ಹಾಕಿದ ಇದೇ 48 ಗಂಟೆ ನಿಯಮದಿಂದ 400 ಮೀಟರ್ ಫೈನಲ್ ಕೈತಪ್ಪಿತು. ಅವಧಿ ಮುಗಿದ ಮೇಲೆ 200 ಮೀಟರ್ ಹೀಟ್ (ಮೊದಲ ಸುತ್ತಿನ ಓಟ) ಅನ್ನು ಟ್ರ್ಯಾಕ್‌ನಲ್ಲಿ ಒಬ್ಬನೇ ಓಡಿ ಅರ್ಹತೆ ಪಡೆದ. ಪಾಪ, ಅವನ ಮಟ್ಟಿಗೆ ಅನ್ಯಾಯವೆನಿಸಿದರೂ ನಾನು ಆ ವೈದ್ಯರ ಜಾಗದಲ್ಲಿದ್ದರೆ ನನ್ನದೂ ಅದೇ ತೀರ್ಮಾನ.

ಲಸಿಕೆ ದಾಖಲೆಯನ್ನು ಸೀಸನ್ ಶುರುವಾಗುವ ಮೊದಲೇ ನೋಡಿಕೊಳ್ಳುತ್ತೇನೆ. ಮಂಗನಬಾವು ಮಕ್ಕಳ ಕಾಯಿಲೆ ಎನ್ನುವವರಿಗೆ 2014ರಲ್ಲಿ ಅಮೆರಿಕದ ಐಸ್ ಹಾಕಿ ತಂಡಗಳಲ್ಲಿ ಅದು ಹರಡಿದ್ದನ್ನು ನೆನಪಿಸಿದರೆ ಸಾಕು.

ವಾಪಸ್ ಬರುವಾಗ ನಾನು ಬಿಗಿ. ಜ್ವರ ಬಂದವನು ಔಷಧಿ ಇಲ್ಲದೆಯೇ ಕನಿಷ್ಠ 24 ಗಂಟೆ ಜ್ವರವಿಲ್ಲದೆ ಇರಬೇಕು. ಕೋವಿಡ್‌ನಂಥ ಸೋಂಕಿಗೆ ವೈದ್ಯರು ಹೇಳಿದ ದಿನ ಮುಗಿಯಬೇಕು. ಮೊದಲ ದಿನ ನಡಿಗೆ, ಆಮೇಲೆ ನಿಧಾನ ಓಟ, ಆಮೇಲಷ್ಟೇ ಪೂರ್ತಿ ಪ್ರಾಕ್ಟೀಸ್. ಕೆಲವು ವೈರಸ್‌ಗಳು ಹೃದಯದ ಸ್ನಾಯುವಿಗೂ ಉರಿಯೂತ ತರುತ್ತವೆ, ಆಗ ಜೋರಾಗಿ ಓಡಿದರೆ ಜೀವಕ್ಕೇ ಕುತ್ತು. ಎದೆನೋವು, ಎದೆ ಹೊಡೆದುಕೊಳ್ಳುವುದು, ತಲೆಸುತ್ತು ಎಂದರೆ ಅಲ್ಲಿಗೇ ನಿಲ್ಲಿಸಿ ವೈದ್ಯರ ಹತ್ತಿರ ಕಳಿಸುತ್ತೇನೆ.

ನಮ್ಮಲ್ಲಿ ಯಾರಿಗಾದರೂ ಸೋಂಕು ಕಂಡರೆ ಎದುರಾಳಿ ತಂಡಕ್ಕೂ ಫೋನ್ ಮಾಡುತ್ತೇನೆ. ಹೆಸರು ಹೇಳುವುದಿಲ್ಲ, ಕಾಯಿಲೆ ಮತ್ತು ದಿನ ಮಾತ್ರ. ಈಗ ಅವರ ಫಿಸಿಯೋಗಳೂ ನನಗೆ ಹಾಗೇ ಫೋನ್ ಮಾಡುತ್ತಾರೆ.