ಬ್ರೋಮಿನ್ ನೀರಿನ ಪರೀಕ್ಷೆ: ಮೊದಲು ಹೆಸರು, ಆಮೇಲೆ ಬಾಟಲಿ

ಯಾವ ಎಣ್ಣೆಯಲ್ಲಿ ದ್ವಿಬಂಧಗಳು (ಇಂಗಾಲದ ಪರಮಾಣುಗಳ ನಡುವಿನ ಜೋಡಿ ಬಂಧಗಳು) ಹೆಚ್ಚು ಎಂದು ತೋರಿಸುವ ಈ ಪ್ರಯೋಗವನ್ನು ಪಿಯುಸಿ ಮಕ್ಕಳಿಗೆ ಮಾಡಿಸುವ ಮುನ್ನ ನಾನು ಬ್ರೋಮಿನ್ ಎಂಬ ಹೆಸರಿನ ಅರ್ಥ ಹೇಳುತ್ತೇನೆ. ಗ್ರೀಕಿನ ‘ಬ್ರೋಮೋಸ್’ ಎಂದರೆ ದುರ್ನಾತ. 1826ರಲ್ಲಿ ಫ್ರಾನ್ಸಿನ ಮೋಂಪೆಲಿಯೆಯ ರಸಾಯನಶಾಸ್ತ್ರಜ್ಞ ಬಾಲಾರ್, ಉಪ್ಪು ತೆಗೆದು ಉಳಿದ ನೀರಿಗೆ ಕ್ಲೋರಿನ್ ಹಾಯಿಸಿ ಈ ಕೆಂಗಂದು ದ್ರವ ಪಡೆದ. ಅವನು ಕೊಟ್ಟ ಹೆಸರು ‘ಮ್ಯುರೈಡ್’, ಉಪ್ಪುನೀರಿನದು ಎಂಬರ್ಥದಲ್ಲಿ. ಅದನ್ನು ಬದಲಿಸಿ ನಾತದ ಹೆಸರಿಟ್ಟಿದ್ದು ಫ್ರೆಂಚ್ ವಿಜ್ಞಾನ ಅಕಾಡೆಮಿ. ನನಗೆ ಈ ಹೆಸರೇ ಇಷ್ಟ, ಎಚ್ಚರಿಕೆ ಅದರಲ್ಲೇ ಇದೆ.

ಶುದ್ಧ ಬ್ರೋಮಿನ್ ಮುಟ್ಟಲೇಬೇಡಿ, ಚರ್ಮ ಸುಡುತ್ತದೆ. ತೆಳುವಾದ ಬ್ರೋಮಿನ್ ನೀರು (ನೀರಿನಲ್ಲಿ ಕರಗಿಸಿದ ಬ್ರೋಮಿನ್) ಸಾಕು, ಅದೂ ಫ್ಯೂಮ್ ಹುಡ್ (ಹೊಗೆಯನ್ನು ಹೊರಗೆಳೆಯುವ ಗೂಡು) ಒಳಗೆ, ಕೈಗವಸು, ಕನ್ನಡಕ ಹಾಕಿಕೊಂಡು. ಚೆಲ್ಲಿದರೆ ಸುರಿಯಲು ಹೈಪೊ (ಸೋಡಿಯಂ ಥಯೋಸಲ್ಫೇಟ್) ದ್ರಾವಣ ಪಕ್ಕದಲ್ಲೇ ಇರಲಿ. ನಾನು ಅದನ್ನು ಮೊದಲೇ ಬೀಕರಿಗೆ ಹಾಕಿಡುತ್ತೇನೆ.

ಎರಡು ಪ್ರನಾಳಗಳಲ್ಲಿ ಸಮ ಪ್ರಮಾಣದ ಸೂರ್ಯಕಾಂತಿ ಎಣ್ಣೆ, ಕೊಬ್ಬರಿ ಎಣ್ಣೆ ತೆಗೆದುಕೊಳ್ಳಿ. ಬ್ರೋಮಿನ್ ನೀರನ್ನು ಹನಿಹನಿಯಾಗಿ ಬಿಡಿ, ಬಿರಡೆ ಹಾಕಿ ಕುಲುಕಿ. ಕಿತ್ತಳೆ ಬಣ್ಣ ಮಾಯವಾಗುವುದನ್ನು ಕಾಯಿರಿ, ಅವಸರ ಬೇಡ. ಬಣ್ಣ ಹೋಗದೆ ಉಳಿಯುವವರೆಗೆ ಹನಿ ಎಣಿಸಿ. ಸೂರ್ಯಕಾಂತಿ ಎಣ್ಣೆಯಲ್ಲಿ ದ್ವಿಬಂಧಗಳು ಹೆಚ್ಚು, ಅಲ್ಲಿ ಬ್ರೋಮಿನ್ ಸೇರಿಕೊಳ್ಳುತ್ತದೆ, ಹೀಗಾಗಿ ಹೆಚ್ಚು ಹನಿ ಬೇಕು. ಕೊಬ್ಬರಿ ಎಣ್ಣೆಗೆ ಬಹಳ ಕಡಿಮೆ.

ಉಳಿದ ಬ್ರೋಮಿನ್ ನೀರಿಗೆ ಬಣ್ಣ ಹೋಗುವಷ್ಟು ಹೈಪೊ ಬೆರೆಸಿ, ಎಣ್ಣೆಯನ್ನು ತ್ಯಾಜ್ಯದ ಬಾಟಲಿಗೆ ಹಾಕಿ. ಸಿಂಕಿಗಲ್ಲ.